ಮಗ್ಗದ ಕುಣಿಯಲ್ಲಿ ಕಾಲುಳ್ಳ ಮೀನು

ನಾನು ನಿಂತದ್ದು ಮಗ್ಗದ ಕುಣಿಯ ದಂಡೆಯ ಮೇಲೆ. ಬನಹಟ್ಟಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಬಾಗಿಲು ದಾಟಿ ಒಳಗೆ ಬಂದರೆ ಎಡಗಡೆಯ ಮೂಲೆಯಲ್ಲಿ, ಗೋಡೆಗೆ ಬೆನ್ನು ಹಚ್ಚಿಕೊಂಡು. ಐದನೇ ಇಯತ್ತೆಯ ಪರೀಕ್ಷೆ ಬರೆದು ಸೂಟಿಗೆ ಬಂದಿದ್ದೆ. ಬಸವ ಜಯಂತಿ ಆಗಿಹೋಗಿತ್ತು, ಮಿರಗದ ಮಳೆ ಇನ್ನೂ ಬಂದಿರಲಿಲ್ಲ. ಮಧ್ಯಾಹ್ನದ ಊಟದ ಹೊತ್ತು ದಾಟಿತ್ತು, ಕರೆಂಟು ಹೋಗಿತ್ತು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಆ ದಿನ ಕಂಡದ್ದಕ್ಕೆ ಒಂದು ಮಾತು ಕೂಡಿಸುವುದೂ ನನಗೆ ಬೇಡ, ಒಂದು ಮಾತು ಕಳೆಯುವುದೂ ಬೇಡ.

ಆಗಿನ ದಿನಗಳಲ್ಲಿ ಬನಹಟ್ಟಿಯಲ್ಲಿ ಕರೆಂಟು ಹೋಯಿತೆಂದರೆ ಊರು ಒಮ್ಮೆಲೇ ನಿಂತುಬಿಡುತ್ತಿತ್ತು. ಬೆಳಗಿನಿಂದ ಓಣಿ ಓಣಿಯಲ್ಲಿ ಖಟಾಖಟ ಬಡಿಯುತ್ತಿದ್ದ ಪಾವರ್‌ಲೂಮುಗಳು ಸುಮ್ಮನಾಗುತ್ತಿದ್ದವು. ಅಲ್ಲಿಯ ಹುಡುಗರಿಗೆ ಅದು ಆಟದ ಹೊತ್ತು. ಗೋಲಿ ಹಿಡಿದುಕೊಂಡು ಹೊರಗೆ ಓಡುತ್ತಿದ್ದರು. ನಾನು ಸಾವಳಗಿಯ ಹುಡುಗ, ನನ್ನನ್ನು ಕರೆಯುತ್ತಿರಲಿಲ್ಲ. ಅವ್ವ ಆ ವರ್ಷ ಹೆರಿಗೆಗೆಂದು ಬೀಳಗಿಯ ತವರಿಗೆ ಹೋಗಿದ್ದಳು. ಅಪ್ಪ ನನ್ನನ್ನು ಆಯಿಯ ಮನೆಯಲ್ಲಿ ಬಿಟ್ಟು ಸಾವಳಗಿಯ ಕೆಲಸಕ್ಕೆ ಮರಳಿದ್ದ. ಆಯಿ ಎಂದರೆ ಅಪ್ಪನ ತಾಯಿ. ಆ ಮನೆಯಲ್ಲಿ ಇದ್ದವರು ಆಯಿ ಮತ್ತು ಅಪ್ಪನ ತಮ್ಮ ಮಲ್ಲೇಶ ಕಾಕಾ, ಇಬ್ಬರೇ. ಆ ಇಬ್ಬರೂ ಒಬ್ಬರ ಸಂಗಡ ಒಬ್ಬರು ಮಾತು ಬಿಟ್ಟಿದ್ದರು.

ಮಾತು ಬಿಟ್ಟದ್ದು ಮಗ್ಗದ ಸಲುವಾಗಿ. ಪಡಸಾಲೆಯ ಮೂಲೆಯಲ್ಲಿ ಆಯಿಯ ಗಂಡ, ನಮ್ಮ ಮುತ್ಯಾನ ಕುಣಿಮಗ್ಗ ಇತ್ತು. ನೆಲದಲ್ಲಿ ಸೊಂಟದ ಆಳದ ಕುಣಿ. ನೇಯುವವನು ಅದರ ದಂಡೆಯ ಮೇಲೆ ಕೂತು, ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯಬೇಕು. ಮುತ್ಯಾ ಹೋದ ಮೇಲೆ ಕಾಕಾ ದಿನಾ ಪಾವರ್‌ಲೂಮಿನ ಪಾಳಿ ಮುಗಿಸಿ ಬಂದು ಸಂಜೆ ಅದರ ಮೇಲೆ ಕೂಡುತ್ತಿದ್ದ. ಅವನಿಗೆ ಹೆಣ್ಣು ಕೊಡಲೆಂದು ಮನೆ ನೋಡಲು ಬಂದವರು ಆ ಮಗ್ಗ ಕಂಡು, ಇನ್ನೂ ಕುಣಿಯಲ್ಲಿ ಕಾಲು ಬಿಟ್ಟು ಕೂಡುವ ಮನೆಗೆ ಮಗಳನ್ನು ಹೇಗೆ ಕೊಡುವುದು ಎಂದು ಚಹಾ ಕುಡಿದು ಎದ್ದು ಹೋದರು. ಬೇರೆ ಊರಿನವರು ಬಂದರು, ಅವರೂ ಹಾಗೇ ಹೋದರು. ಕಾಕಾ ನೂಲಿನ ಗಾಡಿಯೊಡನೆ ಇಚಲಕರಂಜಿಗೆ ಹೋದ ಒಂದು ದಿನ ಆಯಿ ಬಡಿಗನನ್ನು ಕರೆಸಿ ಮಗ್ಗ ಬಿಚ್ಚಿಸಿ, ಕಟ್ಟಿಗೆಯನ್ನೆಲ್ಲ ಅವನ ಸಂಗಡ ಕಳಿಸಿಬಿಟ್ಟಳು. ಮಗನಿಗೆ ಒಳ್ಳೆಯದಾಗಲಿ ಎಂದೇ ಮಾಡಿದ್ದಳು. ಕಾಕಾ ಬಂದು ನೋಡಿದರೆ ಬರೀ ಕುಣಿ. ನೂಲು ನೂಲಿನ ನಡುವೆ ಸಂದು ಕಾಯುವ ಬಿದಿರಿನ ಹಣಿಗೆಯೊಂದು ಮಾತ್ರ ಗೋಡೆಯ ಮೊಳೆಗೆ ಉಳಿದಿತ್ತು. ಇದೆಲ್ಲ ನಾನು ಬರುವುದಕ್ಕೆ ಮೊದಲು ಆದದ್ದು. ನಾನು ಕಂಡದ್ದಲ್ಲ, ಕೇಳಿದ್ದು.

ನಾನು ಬಂದಾಗ ಆ ಮನೆಯ ಮಾತು ನನ್ನ ಮೂಲಕ ಓಡಾಡತೊಡಗಿತು. ಕಾಕಾನಿಗೆ ಪಾವರ್‌ಲೂಮಿನ ಸದ್ದಿನಿಂದ ಕಿವಿ ಮಂದವಾಗಿ, ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಹೇಳುತ್ತಿದ್ದ.

"ಈರ್ಯಾ, ನಿಮ್ಮ ಆಯಿಗೆ ಹೇಳು, ನಂದು ಊಟ ಆಗೇತಿ ಅಂತ."

ಅಡುಗೆಮನೆಯಿಂದ ಆಯಿ ಹೇಳುತ್ತಿದ್ದಳು. "ಈರ್ಯಾ, ನಿಮ್ಮ ಕಾಕಾಗ ಹೇಳು, ನನಗಿನ್ನೂ ಕಿವಿ ಅದಾವ ಅಂತ."

ನಾನು ನಡುವೆ ನಿಂತು ಇಬ್ಬರ ಮುಖ ನೋಡುತ್ತಿದ್ದೆ. ಯಾರ ಮಾತನ್ನು ಮತ್ತೆ ಹೇಳಬೇಕೋ ತಿಳಿಯುತ್ತಿರಲಿಲ್ಲ.

ಆ ಕುಣಿಯೊಳಗೆ ಕಾಕಾ ಗಾಜಿನ ತೊಟ್ಟಿ ಇಟ್ಟಿದ್ದ. ತೊಟ್ಟಿಯಲ್ಲಿ ಎರಡು ಆಕ್ಸೊಲೊಟ್ಲ್ ಇದ್ದವು. ಇಚಲಕರಂಜಿಯ ಮೀನಿನ ಅಂಗಡಿಯಲ್ಲಿ ಕಂಡು, ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದನಂತೆ. ಆ ಹೆಸರು ನಮ್ಮ ಓಣಿಯ ಬಾಯಿಗೆ ಬರಲಿಲ್ಲ. ಕಾಲುಳ್ಳ ಮೀನು ಎನ್ನುತ್ತಿದ್ದರು. ಒಂದು ಬಿಳಿ, ಒಂದು ಕರಿ. ಗೇಣುದ್ದ ಮೈ, ಸಣ್ಣ ಕೂಸಿನಂಥ ಬೆರಳಿನ ನಾಲ್ಕು ಕಾಲು. ಬಿಳಿಯದರ ಕತ್ತಿನ ಎರಡೂ ಬದಿಗೆ ಸೀರೆಯ ಸೆರಗಿಗೆ ಕಟ್ಟುವ ರೇಶ್ಮೆ ಕುಚ್ಚಿನಂತೆ ಗುಲಾಬಿ ಕಿವಿರುಗಳು. ನೀರಿನಲ್ಲಿ ಅವು ಮೆಲ್ಲಗೆ ಅಲ್ಲಾಡುತ್ತಿದ್ದವು. ಕಣ್ಣಿಗೆ ರೆಪ್ಪೆ ಇರಲಿಲ್ಲ. ಬಾಯಿ ಯಾವಾಗಲೂ ನಕ್ಕಂತೆ. ನಾನು ಗಾಜಿಗೆ ಮೂಗು ಹಚ್ಚಿದರೆ ಅದು ಬಂದು ಆ ಕಡೆಯಿಂದ ನಿಲ್ಲುತ್ತಿತ್ತು. ಆ ಸೂಟಿಯಲ್ಲಿ ನನ್ನ ಹತ್ತಿರ ತಾನಾಗಿ ಬಂದದ್ದು ಅದೊಂದೇ.

ಎದುರು ಮನೆಯ ಶಕೀಲಕ್ಕ ನಮ್ಮ ಪಡಸಾಲೆಯಲ್ಲಿ ರಾಟಿ ಇಟ್ಟುಕೊಂಡು ಲಾಳಿಗೆ ಹಾಕುವ ಕಂಡಕಿಗಳಿಗೆ ನೂಲು ಸುತ್ತುತ್ತಿದ್ದಳು. ನಮ್ಮ ಪಡಸಾಲೆ ತಂಪು, ಆಯಿಗೂ ಮಾತಿಗೆ ಜನ ಬೇಕು. ಮೊದಲ ಸಲ ತೊಟ್ಟಿಯೊಳಗೆ ಬಗ್ಗಿ ನೋಡಿ ಅವಳು ಅಂದಳು, "ಆಯಿ, ಮಲ್ಲೇಶಗ ಹೆಣ್ಣ ನೋಡ್ರಿ ಅಂದ್ರ, ಅಂವಾ ತಾನ ಹೋಗಿ ಹಲ್ಲಿ ನೋಡ್ಕೊಂಡ ಬಂದಾನಲ್ರಿ."

"ಹಲ್ಲಿಗೆ ಗ್ವಾಡಿ ಇಲ್ಲೇನ ಮನ್ಯಾಗ? ಇದಕ್ಕ ಗಾಜಿನ ಅರಮನಿ ಬ್ಯಾರೆ," ಎಂದಳು ಆಯಿ. ಆದರೆ ಅವಳು ಕುಣಿಯ ಹತ್ತಿರ ಹೋಗಲಿಲ್ಲ. ಮಗ್ಗ ಬಿಚ್ಚಿದ ಮೇಲೆ ಕಸ ಗುಡಿಸುವಾಗಲೂ ಆ ಮೂಲೆ ಬಿಟ್ಟೇ ಗುಡಿಸುತ್ತಿದ್ದಳು.

ಅವುಗಳಿಗೆ ತಂಪು ಬೇಕು. ಹೊರಗೆ ಬಿಸಿಲಿಗೆ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು. ಕಾಕಾ ಕುಣಿಯ ತಳಕ್ಕೆ ಮರಳು ಹಾಸಿ ನೀರು ಹೊಡೆಯುತ್ತಿದ್ದ. ತೊಟ್ಟಿಯ ಸುತ್ತ ಒದ್ದೆ ಅರಿವೆ ಸುತ್ತುತ್ತಿದ್ದ. ಐಸ್‌ಕ್ಯಾಂಡಿ ಮಾಡುವಲ್ಲಿಂದ ನಾನು ಗೋಣಿಚೀಲದಲ್ಲಿ ಬರ್ಫದ ತುಂಡು ತರುತ್ತಿದ್ದೆ. ಅದನ್ನು ಬಾಟಲಿಯಲ್ಲಿ ತುಂಬಿ ನೀರಿನ ಮೇಲೆ ತೇಲಿಬಿಡುವುದು. ಕಬ್ಬಿನ ಹೊಲದ ಕಾಲುವೆಯ ದಂಡೆ ಅಗೆದು ಎರೆಹುಳ ತರುವುದೂ ನನ್ನ ಕೆಲಸ. ಹುಳ ಬಾಯ ಮುಂದೆ ಹಿಡಿದರೆ ಒಂದು ಗಳಿಗೆ ಏನೂ ಇಲ್ಲ, ಆಮೇಲೆ ಫಕ್ಕನೆ ಹುಳ ಇರುತ್ತಿರಲಿಲ್ಲ. ಕೈಯಿಗೆ ಹಸಿ ಮಣ್ಣಿನ ವಾಸನೆ ಊಟದ ಹೊತ್ತಿಗೂ ಹೋಗುತ್ತಿರಲಿಲ್ಲ.

ಒಮ್ಮೆ ಕರಿಯದು ಬಿಳಿಯದರ ಮುಂಗಾಲನ್ನು ಹುಳವೆಂದು ಕಚ್ಚಿ ಕಿತ್ತುಬಿಟ್ಟಿತು. ನಾನು ಅತ್ತೆ. ಕಾಕಾ ಗೋಡೆಯ ಮೇಲಿದ್ದ ಬಿದಿರಿನ ಹಣಿಗೆ ತಂದು ತೊಟ್ಟಿಯ ನಡುವೆ ಅಡ್ಡ ಇಳಿಸಿದ. ಎರಡೂ ಬೇರೆಯಾದವು.

"ಅಳಬ್ಯಾಡಲೇ. ಕಾಲ ಮತ್ತ ಬರತೈತಿ."

"ಖರೆ?"

"ದಿನಾ ನೋಡಕೋತ ಇರು."

ನೋಡುತ್ತಾ ಇದ್ದೆ. ಮೊದಲು ಗಾಯದ ಬಾಯಿ ಮುಚ್ಚಿತು. ಆಮೇಲೆ ಅಕ್ಕಿಕಾಳಿನಷ್ಟು ಗುಬಟು. ಆಮೇಲೆ ಅದು ಚಪ್ಪಟೆಯಾಗಿ ತುದಿಯಲ್ಲಿ ಸೀಳು ಕಾಣಿಸಿತು. ಬೆರಳು ಬರುತ್ತಿದ್ದವು.

"ಇದು ಯಾವಾಗ ದೊಡ್ಡದಾಗತೈತಿ ಕಾಕಾ?" ಎಂದು ಕೇಳಿದೆ.

"ಆಗೂದಿಲ್ಲ. ಸಾಯೂಮಟಾ ಮರಿ ಇದ್ದಂಗ ಇರತೈತಿ," ಎಂದ. ಗಟ್ಟಿಯಾಗಿಯೇ ಅಂದ. ಆಯಿ ಒಳಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಳೆಂದು ನನಗೆ ಅನ್ನಿಸಿತು. ಇದು ನಾನು ಕಂಡದ್ದಲ್ಲ. ಬಡಿತ ನಿಂತದ್ದಷ್ಟೇ ನಿಜ.

ಇನ್ನು ಆ ದಿನ. ಕಾಕಾ ಬೆಳಗಿನ ಜಾವವೇ ಇಚಲಕರಂಜಿಗೆ ಹೋಗಿದ್ದ. ಕರೆಂಟು ಹಿಂದಿನ ಸಂಜೆಯಿಂದಲೇ ಇರಲಿಲ್ಲ. ಬರ್ಫಕ್ಕೆ ಹೋದರೆ ಐಸ್‌ಕ್ಯಾಂಡಿಯವರು ಬಾಗಿಲು ಎಳೆದಿದ್ದರು. ನಾನು ಅರಿವೆ ತೋಯಿಸಿ ಸುತ್ತಿದೆ, ಮರಳಿಗೆ ನೀರು ಹೊಡೆದೆ. ಮಧ್ಯಾಹ್ನಕ್ಕೆ ಎರಡೂ ಮೇಲೆ ತೇಲಿ ಬಾಯಿ ತೆರೆಯತೊಡಗಿದವು. ನಾನು ದಂಡೆಯ ಮೇಲೆ ನಿಂತು ಆಯಿಯನ್ನು ಕರೆದೆ. ಕರೆದದ್ದೂ ಒಂದೇ ಸಲ.

ಆಯಿ ಅಡುಗೆಮನೆಯ ಹೊಸ್ತಿಲ ಮೇಲೆ ಬಂದು ನಿಂತಳು. ಶಕೀಲಕ್ಕ ರಾಟಿ ನಿಲ್ಲಿಸಿದಳು.

"ಅಂವಾ ಬರೂದರಾಗ ಹೋದ್ವು ಅಂದ್ರ ಏನ ಮಾಡೂದ?" ಎಂದಳು ಆಯಿ. ನಮಗಲ್ಲ, ತನಗೇ ಎಂಬಂತೆ. ಆಮೇಲೆ ಒಳಗೆ ಹೋಗಿ ಹಂಡೆಯನ್ನು ಎತ್ತಿಕೊಂಡು ಬಂದಳು.

ಅದು ತಾಮ್ರದ ಹಂಡೆ. ಆ ಮನೆಯಲ್ಲಿ ಅದರೊಳಗಿನದಕ್ಕಿಂತ ಒಳ್ಳೆಯ ನೀರು ಇರಲಿಲ್ಲ. ದೇವರಿಗೆ, ಬೀಗರಿಗೆ, ಬೇನೆಯವರಿಗೆ ಎಂದು ಎತ್ತಿಡುವ ನೀರು. ಆಯಿ ಬೆಳಿಗ್ಗೆಯಷ್ಟೇ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರಿಂದ ಹಂಡೆ ಕೆಂಪಗೆ ಹೊಳೆಯುತ್ತಿತ್ತು.

"ಆಯಿ, ಆ ನೀರ ಹಾಕ್ತೀರೇನ್ರಿ ಹಲ್ಲಿಗೆ?" ಎಂದಳು ಶಕೀಲಕ್ಕ.

"ಬಾಣಂತಿಗೆ ಕೊಡೂ ನೀರು. ಇವಕ್ಕ ಬ್ಯಾಡೇನ? ಹಿಡಿ ಇತ್ಲಾಗ."

ಆಯಿ ಸೀರೆ ಮೇಲೆ ಸಿಕ್ಕಿಸಿಕೊಂಡು ಗೋಡೆ ಹಿಡಿದು ಕುಣಿಗೆ ಇಳಿದಳು. ನಾನು ಬಂದ ಮೇಲೆ ಅವಳು ಆ ಮೂಲೆಗೆ ಬಂದದ್ದು ಅದೇ ಮೊದಲು. ತೊಟ್ಟಿಯ ಬೆಚ್ಚನೆಯ ನೀರನ್ನು ಚರಿಗೆಯಿಂದ ಮೊಗೆದು ಮೊಗೆದು ಹೊರಗೆ ಚೆಲ್ಲಿದಳು. ಹಂಡೆಯ ತಣ್ಣನೆಯ ನೀರನ್ನು ತೊಟ್ಟಿಯ ಅಂಚಿಗುಂಟ ಮೆಲ್ಲಗೆ ಬಿಟ್ಟಳು, ಕೂಸಿನ ತಲೆಯ ಮೇಲೆ ಬಿಡುವ ಹಾಗೆ. ಎರಡೂ ಕೆಳಗೆ ಇಳಿದವು. ಬಾಲ ಬೀಸಿ ಈಜಿದವು. ಬಿಳಿಯದು ಗಾಜಿನ ಹತ್ತಿರ ಬಂದು ಆಯಿಯ ಮುಖದ ಎದುರು ನಿಂತಿತು. ಆಯಿ ಅದನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ನಗತೈತಿ ನೋಡ ಶಕೀಲಾ ಇದು," ಎಂದಳು.

ಸಂಜೆಯ ಕಡೆಗೆ ಬಿಳಿಯದರ ಕಿವಿರುಗಳು ಒದ್ದೆ ನೂಲಿನಂತೆ ಮೈಗೆ ಅಂಟಿಕೊಂಡವು. ಮೈಮೇಲೆ ಲೋಳೆ ಕಂಡಿತು. ಎರಡೂ ಒಂದೆರಡು ಸಲ ತಿರುಚಿಕೊಂಡವು, ಆಮೇಲೆ ಹೊಟ್ಟೆ ಮೇಲಾದವು. ಹೊಸ ಕಾಲಿಗೆ ಬೆರಳು ಪೂರ್ತಿ ಬಂದಿರಲಿಲ್ಲ.

ಕಾಕಾ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಅಂಗಿಯ ತುಂಬ ನೂಲಿನ ಧೂಳು. ನಾವು ಮೂವರೂ ಪಡಸಾಲೆಯಲ್ಲೇ ಇದ್ದೆವು. ನಮ್ಮ ಮುಖ ನೋಡಿ ಅವನು ಚೀಲ ಇಳಿಸದೆ ಕುಣಿಗೆ ಇಳಿದ. ಬಿಳಿಯದನ್ನು ಅಂಗೈಯ ಮೇಲೆ ಎತ್ತಿ ನೋಡಿ ಮತ್ತೆ ನೀರಿಗೆ ಬಿಟ್ಟ. ಬೆರಳನ್ನು ನೀರಿನಲ್ಲಿ ಅದ್ದಿ ನಾಲಿಗೆಗೆ ಹಚ್ಚಿಕೊಂಡ. ಹಾಗೇ ತಲೆ ಎತ್ತಿ, ದಂಡೆಯ ಮೇಲಿದ್ದ ಖಾಲಿ ಹಂಡೆ ನೋಡಿದ. ಅವನ ಮುಖದಲ್ಲಿ ಏನೋ ಬಂತು. ನನಗೆ ಹೆದರಿಕೆಯಾಯಿತು. ಮಗ್ಗದ ದಿನ ಅವನ ಮುಖ ಹೀಗೇ ಇದ್ದಿರಬೇಕು.

ಆಯಿಯೇ ಮಾತಾಡಿದಳು. ನನ್ನ ಮೂಲಕವಲ್ಲ. ನೇರ ಅವನಿಗೆ.

"ಬರ್ಫ ಸಿಗಲಿಲ್ಲಪಾ ಹುಡುಗಗ. ಮಧ್ಯಾಹ್ನನ ಹೊಂಟಿದ್ವು ಅವು. ನಾ ಹಂಡೆದಾನ ನೀರ ಹಾಕಿದ್ನಿ. ಆ ನೀರಿಗೆ ಎದ್ದ ಆಡಿದ್ವು ಮತ್ತ. ನೀ ಬರೂಮಟಾ ತಡೀತಾವ ಅನಕೊಂಡಿದ್ನಿ."

ಕಾಕಾ ಕುಣಿಯಲ್ಲಿ ನಿಂತೇ ಇದ್ದ. ಅವನ ಕೈಯಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಅವನು ಆಯಿಯ ಕಡೆ ನೋಡಿದ. ಆಯಿಯ ಸೀರೆಯ ಅಂಚು ಇನ್ನೂ ಒದ್ದೆಯಾಗಿ, ಕುಣಿಯ ಮರಳು ಅಂಟಿಕೊಂಡಿತ್ತು. ಅದನ್ನು ನೋಡಿದ.

"ಹೌದಬೇ," ಎಂದ. "ಬಿಸಲಿಗೆ ಹೋಗ್ಯಾವ ಯವ್ವಾ. ನೀ ನೀರ ಹಾಕಿದ್ದಕ್ಕ ಇಷ್ಟೊತ್ತರ ಇದ್ವು."

ಆ ಮಾತನ್ನು ಅವನು ಮೆಲ್ಲಗೆ ಹೇಳಿದ. ಅಷ್ಟು ಮೆಲ್ಲಗೆ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ರೊಟ್ಟಿ ಹಾಕಲೇನ?" ಎಂದಳು ಆಯಿ.

"ಹಾಕು."

ಮರುದಿನ ಬೆಳಿಗ್ಗೆ ನಾನೂ ಕಾಕಾನೂ ಅವುಗಳನ್ನು ಹಿತ್ತಲಿನ ಕರಿಬೇವಿನ ಬುಡದಲ್ಲಿ ಹೂಳಿದೆವು. ಮಣ್ಣು ಎಳೆಯುತ್ತಾ ಕಾಕಾ ಹೇಳಿದ, "ತಾಮ್ರದ ನೀರ ಇವಕ್ಕ ವಿಷ. ಅಂಗಡಿಯಾಂವ ಮೊದಲ ದಿನಾನ ಹೇಳಿದ್ದ."

"ಮತ್ತ ಆಯಿಗೆ ಯಾಕ ಹೇಳಲಿಲ್ಲ ಕಾಕಾ?"

"ಹೇಳಾಕ ಮಾತ ಎಲ್ಲಿತ್ತಲೇ." ಸಲಿಕೆಯ ಹಿಂಬದಿಯಿಂದ ಮಣ್ಣು ತಟ್ಟಿದ. "ಹಂಡೆ ದೇವರ ಖೋಲ್ಯಾಗ ಇರತೈತಿ, ಅದನ್ನ ಯಾರ ಕುಣಿಗೆ ತಂದಾರು ಅಂತ ಸುಮ್ಮನಿದ್ನಿ. ನೀನೂ ಆಕಿ ಮುಂದ ಹೇಳಬ್ಯಾಡ."

ಹೇಳಲಿಲ್ಲ. ಅಂದಿನಿಂದ ಅವರಿಬ್ಬರೂ ಮಾತಾಡಿದರು. ಬಹಳ ಅಲ್ಲ, ಮನೆ ನಡೆಯಲು ಬೇಕಾದಷ್ಟು. ಹುಳ ಅಗೆಯುವ ಕೆಲಸ, ಬರ್ಫ ತರುವ ಕೆಲಸ, ಒಬ್ಬರ ಮಾತು ಇನ್ನೊಬ್ಬರಿಗೆ ಹೇಳುವ ಕೆಲಸ, ಮೂರೂ ಒಟ್ಟಿಗೆ ಹೋಗಿ ನಾನು ಕುಣಿಯ ದಂಡೆಯ ಮೇಲೆ ಕಾಲು ಬಿಟ್ಟುಕೊಂಡು ಮಳೆಗಾಲದವರೆಗೆ ಸುಮ್ಮನೆ ಕೂತಿದ್ದೆ. ಅವರು ಅಡುಗೆಮನೆಯಲ್ಲಿ ಉಪ್ಪು, ನೂಲು, ನೀರಿನ ಪಾಳಿಯ ಮಾತಾಡುವುದು ಕೇಳುತ್ತಿತ್ತು. ಸಂತೋಷ ಆಗಬೇಕಿತ್ತು. ಆಗಿತ್ತೋ ಇಲ್ಲವೋ ಈಗ ಹೇಳಲಾರೆ.

ಮುಂದಿನ ಸೂಟಿಗಳಲ್ಲೆಲ್ಲ ಆಯಿ ಬಂದವರಿಗೆ ಆ ಕತೆ ಹೇಳುತ್ತಿದ್ದಳು. ತನ್ನ ಹಂಡೆಯ ನೀರು ಆ ಮೂಕ ಜೀವಗಳನ್ನು ಮಗ ಬರುವ ತನಕ ಹಿಡಿದು ನಿಲ್ಲಿಸಿದ ಕತೆ. ಹೇಳಿ ಮುಗಿಸಿ ಕಾಕಾನ ಕಡೆ ತಿರುಗುತ್ತಿದ್ದಳು. "ಹೌದಲ್ಲೋ ಮಲ್ಲ್ಯಾ?" ಕಾಕಾ ಪ್ರತಿ ಸಲವೂ ಹೌದೆಂದ. ಒಂದು ಸಲವೂ ತಡವರಿಸಲಿಲ್ಲ. ನಾನು ಅವನ ಮುಖವನ್ನೇ ನೋಡುತ್ತಿದ್ದೆ, ಅದಕ್ಕೆ ಹೇಳಬಲ್ಲೆ.

ಕಾಕಾ ಮದುವೆಯಾಗಲಿಲ್ಲ. ಗಾಜಿನ ತೊಟ್ಟಿಯಲ್ಲಿ ಮತ್ತೆ ಏನನ್ನೂ ಸಾಕಲಿಲ್ಲ. ಕುಣಿಗೆ ಮಣ್ಣು ತುಂಬಿಸಿ ಮೇಲೆ ಫರ್ಸಿ ಕಲ್ಲು ಹಾಕಿಸಿದರು. ಈಗ ಅಲ್ಲಿ ಕಾಲಿಟ್ಟರೆ ಕೆಳಗೆ ಕುಣಿ ಇತ್ತೆಂದು ಗೊತ್ತಾಗುವುದಿಲ್ಲ. ಓಣಿಯ ಎಷ್ಟೋ ಮಗ್ಗಗಳು ನಿಂತಿವೆ. ಕರೆಂಟು ಹೋದರೂ ಇದ್ದರೂ ಮಧ್ಯಾಹ್ನ ಒಂದೇ ಥರ ಇರುತ್ತದೆ. ಆಯಿ ಹೋದ ವರ್ಷ ತೀರಿಕೊಂಡಳು, ಆ ನೀರು ಒಳ್ಳೆಯದೆಂದೇ ನಂಬಿಕೊಂಡು. ಒಂದು ಸುಳ್ಳನ್ನು ಅಷ್ಟು ವರ್ಷ, ಅಷ್ಟು ಜತನವಾಗಿ, ಒಬ್ಬರಿಗೋಸ್ಕರ ಕಾಯ್ದವರನ್ನು ನಾನು ಬೇರೆ ಕಡೆ ಕಂಡಿಲ್ಲ. ಈಗ ಅದನ್ನು ಯಾರಿಗಾಗಿ ಕಾಯಬೇಕೋ ಅವಳೇ ಇಲ್ಲ. ಅದಕ್ಕೇ ಬರೆದೆ.

ಆಯಿ ನೀರು ಹಾಕಿದ್ದನ್ನು, ಕಾಕಾ ಆ ನೀರಿನ ರುಚಿ ನೋಡಿದ್ದನ್ನು ಕಂಡವರಲ್ಲಿ ಶಕೀಲಕ್ಕ ಇನ್ನೂ ಇದ್ದಾಳೆ. ರಬಕವಿಯಲ್ಲಿ ಮಗಳ ಮನೆಯಲ್ಲಿ. ಕಣ್ಣು ಮಂಜಾಗಿವೆ, ಕೇಳಿದರೆ ಹೇಳುತ್ತಾಳೆ. ಮಲ್ಲೇಶ ಕಾಕಾ ಇದ್ದಾನೆ, ಬನಹಟ್ಟಿಯಲ್ಲೇ, ಕೇಳಿದರೂ ಹೇಳುವುದಿಲ್ಲ. ನಾನು ಇದ್ದೇನೆ.