ಗೋಡೆಯಾಚೆಯ ಕೆಮ್ಮು

ಹೋದ ವಾರ ನಮ್ಮ ನಾಟಕ ತಂಡದ ಹುಡುಗಿಯೊಬ್ಬಳು ಹಳೆಯ ರೇಷ್ಮೆ ಸೀರೆಗೆ ನೀರು ಚಿಮುಕಿಸಿ ಇಸ್ತ್ರಿ ಹಾಕುತ್ತಿದ್ದಳು. ಪೆಟ್ಟಿಗೆ ತಾಗಿದ್ದೇ ತಡ, ಆವಿಯ ಜೊತೆಗೆ ಒಂದು ವಾಸನೆ ಎದ್ದಿತು. "ಯಾಕಕ್ಕಾ, ಸೀರೆ ನಾರ್ತಾ ಇದ್ಯಾ?" ಎಂದು ಅವಳು ಕೇಳಿದಳು. ನಾರುತ್ತಿಲ್ಲ ಎಂದು ಹೇಗೆ ಹೇಳಲಿ? ರೇಷ್ಮೆಗೂಡು ಬೇಯಿಸುವ ಬೀದಿಯಲ್ಲಿ ಇದ್ದು ಬಂದವರಿಗೆ ಅದು ನಾತವೂ ಹೌದು, ಮನೆಯ ವಾಸನೆಯೂ ಹೌದು. ನಾನು ಏನೋ ನೆಪ ಹೇಳಿ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ರಾಮನಗರದಲ್ಲಿ ನಾನು ಚಿಕ್ಕಮ್ಮ ಅನ್ನುವ ಹಾಗೆ ಖಾಲಾ ಅನ್ನುತ್ತಿದ್ದ ಪಕ್ಕದ ಮನೆಯವರು ನೆನಪಾದರು. ನೆನಪಾದರು ಅನ್ನುವುದು ಕೂಡ ಸುಳ್ಳೇ... ಮರೆತಿದ್ದರೆ ತಾನೇ ನೆನಪಾಗುವುದು.

ಎರಡು ಸಾವಿರದ ಆಚೀಚಿನ ವರ್ಷಗಳು. ಅಪ್ಪನಿಗೆ ಬಿಡದಿಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ ಸಿಕ್ಕಿತ್ತು. ಗುಡೇಮಾರನಹಳ್ಳಿಯ ಹೊಲವನ್ನು ದೊಡ್ಡಪ್ಪನಿಗೆ ವಹಿಸಿ ನಾವು ರಾಮನಗರದಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ಬೆಳಗಾದರೆ ಕಂಪನಿ ಬಸ್ಸುಗಳು ಮುಖ್ಯರಸ್ತೆಯಲ್ಲಿ ಸಾಲಾಗಿ ನಿಂತು ಹಾರನ್ ಹೊಡೆಯುತ್ತಿದ್ದವು. ನಮ್ಮ ಬೀದಿಯಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಿಸಿನೀರಿನ ಕೆಲಸ ಬಿಟ್ಟು ಗಾರ್ಮೆಂಟ್ಸ್ ಸೇರುತ್ತಿದ್ದರು. ತಲೆಯ ಮೇಲೆ ಫ್ಯಾನು, ತಿಂಗಳಾದರೆ ಸಂಬಳ. ಯಾರು ಬೇಡವೆನ್ನುತ್ತಾರೆ?

ಖಾಲಾ ಮಾತ್ರ ಹೋಗಲಿಲ್ಲ. ಐವತ್ತು ದಾಟಿದ್ದ ವಿಧವೆ, ಸಣಕಲು ಮೈ. ಮನೆಯ ಹಿಂದೆ ತಗಡಿನ ಮಾಡಿನ ಶೆಡ್ಡು, ಅದರಲ್ಲಿ ಒಂದೇ ಒಂದು ಚರಕ. ನಮ್ಮ ಬಚ್ಚಲಿಗೂ ಆ ಶೆಡ್ಡಿಗೂ ನಡುವೆ ಒಂದೇ ಗೋಡೆ. ಒಬ್ಬನೇ ಮಗ ಚನ್ನಪಟ್ಟಣದಲ್ಲಿ ಬೊಂಬೆ ಕೆಲಸ ಮಾಡುತ್ತಿದ್ದ. ಬಂದಾಗಲೆಲ್ಲ ತಾಯಿಯನ್ನು ಕರೆಯುತ್ತಿದ್ದ. "ಈ ಚರಕ ತಿರುಗೋವರ್ಗೂ ನಾನು ಎಲ್ಲಿಗೂ ಬರಲ್ಲ ಹೋಗೋ," ಎಂದು ಅವರು ಅವನನ್ನು ಬಸ್ಸು ಹತ್ತಿಸಿ ಬರುತ್ತಿದ್ದರು.

ಚರಕಕ್ಕೆ ಇಬ್ಬರು ಬೇಕು. ಒಬ್ಬರು ಕುದಿನೀರಿನ ಮುಂದೆ ಕೂತು ಗೂಡುಗಳಿಂದ ಎಳೆ ಹುಡುಕಿ ಕೊಡಬೇಕು, ಇನ್ನೊಬ್ಬರು ಚಕ್ರ ತಿರುಗಿಸಬೇಕು. ಅವರ ಚಕ್ರ ತಿರುಗಿಸುತ್ತಿದ್ದ ಹೆಂಗಸು ಆ ಬೇಸಿಗೆಯಲ್ಲಿ ಗಾರ್ಮೆಂಟ್ಸ್ ಬಸ್ಸು ಹತ್ತಿದಳು. ನಾನು ಪಿಯುಸಿ ಪರೀಕ್ಷೆ ಮುಗಿಸಿ ಮನೆಯಲ್ಲಿ ನೊಣ ಹೊಡೆಯುತ್ತಿದ್ದೆ. ಅಮ್ಮನೇ, "ಹೋಗಿ ಒಸಿ ಕೈ ಸೇರ್ಸು, ಪಾಪ," ಎಂದು ಕಳಿಸಿದಳು. ಹೀಗೆ ನಾನು ಖಾಲಾ ಅವರ ಎರಡನೇ ಕೈಯಾದೆ.

ಚಕ್ರ ತಿರುಗಿಸುತ್ತಾ ಅವರನ್ನೇ ನೋಡುತ್ತಾ ಕೂರುವುದಷ್ಟೇ ನನ್ನ ಕೆಲಸ. ಬೆರಳ ತುದಿಗಳು ಬೆಂದು ಬೆಂದು ಬೆಳ್ಳಗೆ ಸುಕ್ಕಾಗಿದ್ದವು. ಆ ಬೆರಳಿಗೆ ಕಣ್ಣಿಗೆ ಕಾಣದ ಎಳೆ ಅದು ಹೇಗೆ ಸಿಗುತ್ತಿತ್ತೋ! ನಡುನಡುವೆ ಕೆಮ್ಮು. ಹೊಗೆಯಲ್ಲಿ, ಆವಿಯಲ್ಲಿ ಮೂವತ್ತು ವರ್ಷ ಕೂತವರ ಕೆಮ್ಮು. ಮೊದಲು ಅದನ್ನು ನುಂಗಲು ನೋಡುತ್ತಿದ್ದರು, ಭುಜ ಎರಡು ಸಲ ಮೇಲೆ ಹೋಗುತ್ತಿತ್ತು. ಆಮೇಲೆ ಮುಖವನ್ನು ಗೋಡೆಗೆ ತಿರುಗಿಸಿ, ಸೆರಗು ಬಾಯಿಗೊತ್ತಿ ಕೆಮ್ಮುತ್ತಿದ್ದರು. ಬಲಗೈ ಮಾತ್ರ ಎಳೆಯನ್ನು ಬಿಡುತ್ತಿರಲಿಲ್ಲ. ಮುಗಿದ ಮೇಲೆ ನನ್ನ ಕಡೆ ನೋಡಿ, ಏನೋ ತಪ್ಪು ಮಾಡಿದವರ ಹಾಗೆ ಸಣ್ಣಗೆ ನಗುತ್ತಿದ್ದರು.

ಅದೇ ಹೊತ್ತಿಗೆ ನನಗೆ ನಾಟಕದ ಹುಚ್ಚು ಹಿಡಿದಿತ್ತು. ಮೈಸೂರಿನ ಕಾಲೇಜೊಂದರಲ್ಲಿ ಡಿಗ್ರಿಗೆ ನಾಟಕವನ್ನೇ ಒಂದು ವಿಷಯವಾಗಿ ಓದಬಹುದು ಎಂದು ನಮ್ಮ ಕನ್ನಡ ಮೇಡಂ ಹೇಳಿದ್ದರು. ನನ್ನ ಅನುಭವವೋ, ಕೇಳಬೇಡಿ. ಹೈಸ್ಕೂಲಿನ ವಾರ್ಷಿಕೋತ್ಸವದಲ್ಲಿ ಒಂದೇ ಒಂದು ಸಲ ಪಾತ್ರ ಸಿಕ್ಕಿತ್ತು, ಅದೂ ಅಶರೀರವಾಣಿ. ಪರದೆಯ ಹಿಂದೆ ನಿಂತು ಎರಡು ಸಾಲು ಕೂಗಿದ್ದೆ. ಅಪ್ಪ ಮುಂದಿನ ಸಾಲಿನಲ್ಲಿ ಕೂತು ಕೊನೆಯವರೆಗೂ ನನ್ನನ್ನು ಹುಡುಕಿದರಂತೆ.

"ನಾಟ್ಕ ಆಡಕ್ಕೂ ಓದ್ಬೇಕಾ? ನಮ್ಮೂರಲ್ಲಿ ಹೆಬ್ಬೆಟ್ಟು ಒತ್ತೋರೇ ರಾಜಪಾರ್ಟು ಕಟ್ಟೋರು," ಎಂದರು ಅಪ್ಪ. ಒಂದು ವಾರ ನಾನು ಸರಿಯಾಗಿ ಊಟ ಮಾಡದೆ ಹಟ ಹಿಡಿದ ಮೇಲೆ ಒಪ್ಪಿಕೊಂಡರು. "ಒಂದ್ ಸಲ ಹೋಗಿ ಬಾ. ಸೀಟು ಸಿಕ್ಲಿಲ್ಲ ಅಂದ್ರೆ ಬಾಯ್ಮುಚ್ಕೊಂಡು ಬಿಡದಿ ಬಸ್ ಹತ್ಬೇಕು ಕಣವ್ವ. ಆಮೇಕೆ ನಾಟ್ಕ ಗೀಟ್ಕ ಅನ್ನಂಗಿಲ್ಲ." ನಾನು ಹೂಂ ಅಂದೆ.

ಕಾಲೇಜಿನಿಂದ ಕಾಗದ ಬಂತು. ಸಂದರ್ಶನದ ದಿನ, ನೀವು ಹತ್ತಿರದಿಂದ ಕಂಡ ಯಾರಾದರೊಬ್ಬರನ್ನು ಐದು ನಿಮಿಷ ಅಭಿನಯಿಸಿ ತೋರಿಸಬೇಕು, ಮಾತು ಕಡಿಮೆ ಇರಲಿ ಎಂದಿತ್ತು. ಕನ್ನಡಿಯ ಮುಂದೆ ನಿಂತು ಬಸ್ ಕಂಡಕ್ಟರನನ್ನು ಮಾಡಿದೆ, ಹೆಡ್‌ಮಾಸ್ಟರನ್ನು ಮಾಡಿದೆ, ಜಗಳವಾಡುವ ನಮ್ಮತ್ತೆಯನ್ನು ಮಾಡಿದೆ. ಅಮ್ಮ ರಾಗಿಹಿಟ್ಟು ಜರಡಿ ಹಿಡಿಯುತ್ತಾ ನೋಡಿ, "ಮೂರೂ ನೀನೇ ಇದ್ದಂಗಿದೀಯ," ಎಂದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಕನ್ನಡಿ ಚಿಕ್ಕದು ಎಂದೆ. ಆ ಮಧ್ಯಾಹ್ನ ಚಕ್ರ ತಿರುಗಿಸುತ್ತಿದ್ದಾಗ ಖಾಲಾ ಅವರ ಭುಜ ಎರಡು ಸಲ ಮೇಲೆ ಹೋಯಿತು. ಸಿಕ್ಕಿತು ಅಂದುಕೊಂಡೆ.

ಅವರಿಗೆ ಹೇಳಲಿಲ್ಲ. ನಿಮ್ಮ ಕೆಮ್ಮನ್ನು ಮೈಸೂರಿಗೆ ಹೊತ್ತುಕೊಂಡು ಹೋಗಿ ನಾಲ್ಕು ಜನರ ಮುಂದೆ ತೋರಿಸುತ್ತೇನೆ ಎಂದು ಯಾವ ಬಾಯಲ್ಲಿ ಹೇಳುವುದು? ಅಪ್ಪ ಬಸ್ಸು ಹತ್ತಿದ ಮೇಲೆ, ಅಮ್ಮ ನೀರಿಗೆ ಹೋದಾಗ, ಬಚ್ಚಲಿನ ಬಾಗಿಲು ಹಾಕಿಕೊಂಡು ಅಭ್ಯಾಸ ಶುರು ಮಾಡಿದೆ. ಮೊದಮೊದಲು ಬರೀ ಗಂಟಲಿನಿಂದ ಬರುತ್ತಿತ್ತು. ನಾಲ್ಕೈದು ದಿನಕ್ಕೆ ಎದೆಯಿಂದ ಬರತೊಡಗಿತು. ವಾರ ಕಳೆಯುವಷ್ಟರಲ್ಲಿ ನಿಲ್ಲಿಸಿದರೂ ನಿಲ್ಲದ ಹಾಗಾಯಿತು. ಗೋಡೆಯಾಚೆ ಯಾರು ಕೂತಿದ್ದಾರೆ ಎಂದು ಯೋಚಿಸಲೇ ಇಲ್ಲ ಎಂದು ಬರೆದರೆ ನನಗೆ ಅನುಕೂಲ. ಆದರೆ ಯೋಚಿಸಿದ್ದೆ.

ಒಂದು ಬೆಳಿಗ್ಗೆ ಹಿತ್ತಿಲಿನ ಮೋಟುಗೋಡೆಯ ಮೇಲೆ ಒಂದು ಸ್ಟೀಲ್ ಲೋಟ ಇತ್ತು. ಶುಂಠಿ, ಮೆಣಸಿನ ಕಷಾಯ. "ಬಿಸಿಬಿಸೀನೇ ಕುಡಿ ಬೇಟಿ," ಎಂದರು ಖಾಲಾ ಆಚೆಯಿಂದ. ಆ ಕ್ಷಣದಲ್ಲಿ ಬಾಯಿಬಿಟ್ಟು ಹೇಳಿದ್ದರೆ ಇಬ್ಬರೂ ನಕ್ಕು ಮುಗಿಸಬಹುದಿತ್ತು. ನಾನು ಹೇಳಲಿಲ್ಲ. ನಂಬಿದರಲ್ಲ ಎಂಬ ಖುಷಿ! ಆ ಕೆಮ್ಮಿನ ಒಡತಿಯೇ ನಂಬಿದ ಮೇಲೆ ಮೈಸೂರಿನವರು ಯಾವ ಲೆಕ್ಕ? ಲೋಟ ಎತ್ತಿ ಕುಡಿದೆ. ಬೇಕೆಂದೇ ಇನ್ನೊಂದು ಸಲ ಕೆಮ್ಮಿದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಆ ಬೆಕ್ಕು ನಾನು.

ಕಷಾಯ ಹತ್ತು ದಿನ ಬಂತು. ಹನ್ನೊಂದನೇ ದಿನ ಎಂದಿನಂತೆ ಚಕ್ರ ತಿರುಗಿಸಲು ಹೋದರೆ ಖಾಲಾ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದರು. ಸೆರಗು ಬಾಯಿಗೆ ಒತ್ತಿಕೊಂಡಿದ್ದರು, ಕೆಮ್ಮು ಬಂದಿರಲಿಲ್ಲ.

"ಅಲ್ಲೇ ನಿಂತ್ಕೋ. ಒಳಗೆ ಬರಬ್ಯಾಡ."

"ಯಾಕೆ ಖಾಲಾ?"

"ಬ್ಯಾಡ ಅಂದ್ನಲ್ಲ. ನಾಳೆಯಿಂದಾನೂ ಬರಬ್ಯಾಡ. ಹೋಗು ಮನೆಗೆ."

ಅಷ್ಟು ಗಡುಸಾಗಿ ಅವರು ಯಾವತ್ತೂ ಮಾತಾಡಿರಲಿಲ್ಲ. ನನ್ನ ಕಳ್ಳತನ ಗೊತ್ತಾಗಿಬಿಟ್ಟಿದೆ ಅಂದುಕೊಂಡೆ. ಮೊದಲು ನಂಬಿದ್ದವರು, ನಾನು ಅವರನ್ನು ಅಣಕಿಸುತ್ತಿದ್ದೇನೆ ಎಂದು ಆಮೇಲೆ ತಿಳಿದುಕೊಂಡಿರಬೇಕು. ನಾಚಿಕೆಯಿಂದ ಮುಖ ಉರಿಯಿತು. ಹೋಗಿ ಕಾಲು ಹಿಡಿಯಬೇಕಿತ್ತು. ಅದನ್ನು ಬಿಟ್ಟು, ಅವರ ಕಣ್ಣಿಗೆ ಬೀಳದ ಹಾಗೆ ಮುಂಬಾಗಿಲಿನಿಂದಲೇ ಓಡಾಡತೊಡಗಿದೆ. ಅಭ್ಯಾಸ ಮಾತ್ರ ನಿಲ್ಲಿಸಲಿಲ್ಲ. ಬಿಡದಿ ಬಸ್ಸಿನ ಭಯ ನಾಚಿಕೆಗಿಂತ ದೊಡ್ಡದಿತ್ತು.

ಎರಡನೇ ಕೈ ಇಲ್ಲದೆ ಚರಕ ನಿಂತಿತು. ಆ ಸದ್ದಿಲ್ಲದ ಶೆಡ್ಡಿನ ಪಕ್ಕ ನಿಂತು ನಾನು ಕೆಮ್ಮುತ್ತಿದ್ದೆ. ಸಂದರ್ಶನಕ್ಕೆ ಮೂರು ದಿನ ಇರುವಾಗ ಅವರ ಮಗ ಟೆಂಪೋ ತಂದ. ಎರಡು ಟ್ರಂಕು, ಹಾಸಿಗೆ, ಪಾತ್ರೆ, ಅಷ್ಟೇ. ಚರಕವನ್ನು ಹಿಂದಿನ ದಿನವೇ ಯಾರೋ ಕೊಂಡುಹೋಗಿದ್ದರು. ಗಾರ್ಮೆಂಟ್ಸ್ ಬಂದ ಮೇಲೆ ಎಲ್ಲರದೂ ಇದೇ ಕಥೆ ಎಂದು ಬೀದಿಯವರು ಮಾತಾಡಿಕೊಂಡರು. ಅಮ್ಮ ಕಣ್ಣೊರೆಸಿಕೊಂಡು ಅವರನ್ನು ತಬ್ಬಿದಳು. ನಾನು ಹೊಸಿಲಲ್ಲೇ ನಿಂತಿದ್ದೆ. ಖಾಲಾ ಹತ್ತಿರ ಬರಲಿಲ್ಲ. ಟೆಂಪೋ ಹತ್ತಿದ ಮೇಲೆ ಅಲ್ಲಿಂದಲೇ, "ಎದೆ ನೋಡ್ಕೋ ಬೇಟಿ," ಎಂದರು. ಚುಚ್ಚಿ ಮಾತಾಡಿದರು ಅಂದುಕೊಂಡು ತಲೆ ತಗ್ಗಿಸಿದೆ.

ಮೈಸೂರಿನಲ್ಲಿ ಮೇಜಿನ ಹಿಂದೆ ಮೂವರು ಕೂತಿದ್ದರು. ನಾನು ನೆಲದ ಮೇಲೆ ಕೂತೆ. ಇಲ್ಲದ ಕುದಿನೀರಿನಲ್ಲಿ ಬೆರಳಾಡಿಸಿದೆ, ಇಲ್ಲದ ಎಳೆ ಹುಡುಕಿದೆ. ಭುಜ ಎರಡು ಸಲ ಮೇಲೆ ಹೋಯಿತು. ಗೋಡೆಗೆ ತಿರುಗಿ, ದುಪಟ್ಟಾ ಬಾಯಿಗೊತ್ತಿ ಕೆಮ್ಮಿದೆ. ಕೆಮ್ಮುತ್ತಲೇ ಹೋದೆ. ಆ ಮೂವರಲ್ಲಿದ್ದ ಹಿರಿಯ ಮೇಡಂ ಗಾಬರಿಯಾಗಿ ನೀರಿನ ಬಾಟಲಿ ಹಿಡಿದು ಎದ್ದು ಬಂದರು. ನಾನು ತಲೆ ಎತ್ತಿ, ತಪ್ಪು ಮಾಡಿದವಳ ಹಾಗೆ ಸಣ್ಣಗೆ ನಕ್ಕೆ. ಅವರು ಬಾಟಲಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟರು. ಸೀಟು ಸಿಕ್ಕಿತು. ಅಪ್ಪ ಕಂಪನಿ ಬಸ್ಸಿನಲ್ಲೆಲ್ಲ ಮೈಸೂರು ಪಾಕು ಹಂಚಿದರಂತೆ.

ರಾಮನಗರದಿಂದ ಚನ್ನಪಟ್ಟಣಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ. ಮೈಸೂರಿಗೆ ಹೋಗುವ, ಬರುವ ದಾರಿಯೇ ಅದು. ಮೂರು ವರ್ಷ ಆ ದಾರಿಯಲ್ಲಿ ಓಡಾಡಿದೆ. ಪ್ರತಿ ಸಲ ಇಳಿಯಬೇಕು ಅನ್ನಿಸುತ್ತಿತ್ತು, ಪ್ರತಿ ಸಲ ಮುಂದಿನ ಸಲ ಅಂದುಕೊಳ್ಳುತ್ತಿದ್ದೆ. ಕೊನೆಯ ವರ್ಷದ ಪರೀಕ್ಷೆ ಮುಗಿದ ಮೇಲೆ ಧೈರ್ಯ ಮಾಡಿ ಇಳಿದೆ. ವಿಚಾರಿಸುತ್ತಾ ಹೋಗಿ ಅವರ ಮಗನ ಮನೆ ಹುಡುಕಿದೆ. ಮಗ ಜಗುಲಿಯಲ್ಲಿ ಕೂತು ಬೊಂಬೆಗಳಿಗೆ ಬಣ್ಣ ಕೊಡುತ್ತಿದ್ದರು. ನಾನು ಇಂಥವಳು ಎಂದು ಹೇಳಿದ್ದೇ ತಡ, ಕೈಯಲ್ಲಿದ್ದುದನ್ನು ಕೆಳಗಿಟ್ಟು ಎದ್ದು ನಿಂತರು.

"ಅಮ್ಮಿ ಹೋಗಿ ನಲವತ್ತು ದಿನ ಆಯ್ತಮ್ಮ," ಎಂದರು.

ನಾನು ಜಗುಲಿಯ ಅಂಚಿನಲ್ಲಿ ಕೂತೆ. ಒಳಗಿನಿಂದ ಅವರ ಹೆಂಡತಿ ನೀರು ತಂದು ಕೊಟ್ಟಳು. ನಾನು ಕುಡಿದು ಮುಗಿಸಿದ ಮೇಲೆ ಮಗ ಕೇಳಿದರು, "ನಿಮ್ಮ ಎದೆ ಈಗ ಹೆಂಗೈತಮ್ಮ?"

ನನಗೆ ಅರ್ಥವಾಗಲಿಲ್ಲ.

"ಅಮ್ಮಿ ಸಾಯೋವರ್ಗೂ ಅದನ್ನೇ ಹೇಳೋರು. ನನ್ನ ಕೆಮ್ಮು ಪಕ್ಕದ ಮನೆ ಮಗೂಗೆ ಅಂಟ್ಕೊಂಡ್ಬುಡ್ತು, ಗೋಡೆ ಆ ಕಡೆಯಿಂದ ನನ್ನ ಕೆಮ್ಮೇ ಕೇಳುಸ್ತೈತೆ, ನಾನು ಇಲ್ಲಿರೋವರ್ಗೂ ಅದು ವಾಸಿ ಆಗಲ್ಲ ಅಂತ. ನಾವು ಎಷ್ಟು ವರ್ಷ ಕರೆದ್ರೂ ಬರ್ದೇ ಇದ್ದೋರು, ಆವತ್ತು ಅವರೇ ಫೋನ್ ಮಾಡ್ಸಿ ಟೆಂಪೋ ತಾ ಅಂದ್ರು. ಐದು ಹೊತ್ತೂ ನಿಮ್ಮ ಎದೆಗೋಸ್ಕರ ದುವಾ ಮಾಡೋರು."

ಖಾಲಾ ನನ್ನ ಮೇಲೆ ಕೋಪ ಮಾಡಿಕೊಂಡಿರಲೇ ಇಲ್ಲ. ಒಳಗೆ ಬರಬೇಡ ಎಂದು ಬಾಯಿಗೆ ಸೆರಗು ಒತ್ತಿಕೊಂಡದ್ದು ನನ್ನನ್ನು ಕಾಪಾಡಲು. ತಮ್ಮ ಎರಡನೇ ಕೈಯನ್ನು ತಾವೇ ಕಡಿದುಕೊಂಡು, ಚರಕ ಮಾರಿ, ಮನೆ ಬಿಟ್ಟು ಹೋದದ್ದು ನನ್ನ ಆಟಕ್ಕಾಗಿ. ಆ ಮನುಷ್ಯ ನನ್ನ ಮುಖವನ್ನೇ ನೋಡುತ್ತಿದ್ದರು. "ವಾಸಿಯಾಯ್ತು ಅಣ್ಣ. ಪೂರ್ತಿ ವಾಸಿಯಾಯ್ತು," ಎಂದೆ. ಅವರು ಒಳಗೆ ತಿರುಗಿ ಹೆಂಡತಿಗೆ ಕೂಗಿ ಹೇಳಿದರು. ಆ ಮನೆಯಲ್ಲಿ ಹಬ್ಬದ ಸುದ್ದಿ ಬಂದ ಹಾಗಾಯಿತು. ಬಲವಂತ ಮಾಡಿ ಚಹಾ ಕುಡಿಸಿದರು. ನನ್ನ ನಂಬರ್ ಬರೆದುಕೊಂಡರು.

ಅಲ್ಲಿಂದ ಮುಂದೆ ಪ್ರತಿ ರಂಜಾನ್ ಹಬ್ಬದ ದಿನ ಅವರ ಫೋನ್ ಬರುತ್ತಿತ್ತು. ಅಮ್ಮಿ ಹೇಳಿ ಹೋಗಿದ್ದರಂತೆ, ಆ ಹುಡುಗಿಯನ್ನು ವಿಚಾರಿಸುತ್ತಿರು ಎಂದು. ನಮಸ್ಕಾರ ಇಲ್ಲ, ಪೀಠಿಕೆ ಇಲ್ಲ. "ಎದೆ ಹೆಂಗೈತಮ್ಮ?" "ಚೆನ್ನಾಗಿದೆ ಅಣ್ಣ." ಎಷ್ಟೋ ನಾಟಕಗಳಲ್ಲಿ ಪಾತ್ರ ಮಾಡಿದ್ದೇನೆ. ಕೆಮ್ಮುವ ಪಾತ್ರ ಬಂದಾಗ ಮಾತ್ರ ಒಲ್ಲೆನೆಂದಿದ್ದೇನೆ, ಕಾರಣ ಕೇಳಿದವರಿಗೆ ಸಿಡುಕಿ ಉತ್ತರ ಕೊಟ್ಟಿದ್ದೇನೆ. ಒಬ್ಬಳೇ ಇದ್ದಾಗ ಗೋಡೆಯಾಚೆ ಯಾರಾದರೂ ಕೆಮ್ಮಿದರೆ ಈಗಲೂ ಉಸಿರು ಬಿಗಿಹಿಡಿದು ಕೇಳುತ್ತೇನೆ...

ಹೋದ ವರ್ಷದ ಹಬ್ಬದಂದು ಅವರು, "ಬೆಳಿಗ್ಗೆ ಅಮ್ಮಿ ಗೋರಿ ಹತ್ರ ಹೋಗಿದ್ದೆ. ನಿಮ್ಮ ಎದೆ ಚೆನ್ನಾಗೈತೆ ಅಂತ ಹೇಳಿ ಬಂದೆ," ಎಂದರು. ಇನ್ನು ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಬಚ್ಚಲು, ಕಾಲೇಜಿನ ಕಾಗದ, ಕಷಾಯದ ಲೋಟ, ಒಂದನ್ನೂ ಮುಚ್ಚಿಡಲಿಲ್ಲ. ಅಣ್ಣ, ನನಗೆ ಕೆಮ್ಮೇ ಇರಲಿಲ್ಲ ಎಂದೆ.

"ಹಂಗಾದ್ರೆ ಅಮ್ಮಿ ಸುಮ್‌ಸುಮ್ನೇ ಮನೆ ಬಿಟ್ರಾ?"

ಬೈಯಲಿಲ್ಲ. ದನಿ ಏರಿಸಲೂ ಇಲ್ಲ. ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಳ್ಳುವವರ ಹಾಗೆ ಕೇಳಿದರು. ನಾನು ಹೌದು ಎಂದೆ. "ಆಯ್ತಮ್ಮ, ಇಡ್ತೀನಿ," ಎಂದು ಫೋನ್ ಇಟ್ಟರು.

ಈ ವರ್ಷವೂ ಹಬ್ಬ ಬಂತು, ಹೋಯಿತು. ಆ ಇಡೀ ದಿನ ಫೋನನ್ನು ಕೈಯಲ್ಲೇ ಹಿಡಿದುಕೊಂಡು ಮನೆಯೊಳಗೆ ಓಡಾಡಿದೆ. ಫೋನ್ ಬರಲಿಲ್ಲ. ನಾನಾಗಿಯೇ ಮಾಡಲು ಮುಖವಿರಲಿಲ್ಲ. ನನ್ನ ಎದೆ ಹೇಗಿದೆ ಎಂದು ಕೇಳುವವರು ಈಗ ಯಾರೂ ಇಲ್ಲ.