ಮೂರನೇ ಪಂದ್ಯಕ್ಕೆ ಮುಂಚಿನ ವಾರ

ಹುಡುಗಿಯರು ಹಾಕಿ ಆಡುತ್ತಾರೆಂದರೆ ಕೊಪ್ಪದಲ್ಲಿ ಜನ ಸೈಕಲ್ ನಿಲ್ಲಿಸಿ ನೋಡುತ್ತಿದ್ದ ಕಾಲ ಅದು. ನಾವು ಒಂಬತ್ತನೇ ಕ್ಲಾಸು. ಕೊಡಗಿನಿಂದ ವರ್ಗವಾಗಿ ಬಂದ ಪಿಟಿ ಮಿಸ್ ಕಾವೇರಮ್ಮ ಬರುವಾಗಲೇ ಗೋಣಿಚೀಲದಲ್ಲಿ ಹಳೇ ಸ್ಟಿಕ್ಕುಗಳನ್ನು ತುಂಬಿಕೊಂಡು ಬಂದಿದ್ದರು. ಹಿಡಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿಕೊಂಡು ಆಡಲು ಕಲಿತೆವು. ಸಂಜೆ ಮನೆಗೆ ಹೊರಟರೆ ಕೈಗೆ ರಬ್ಬರಿನ ವಾಸನೆ, ಮೊಣಕಾಲಿಗೆ ನೀಲಗಿರಿ ಎಣ್ಣೆಯ ವಾಸನೆ.

ನಾನು ಗೋಲ್‌ಕೀಪರ್. ಓಡಲು ಬಾರದವಳೆಂದು ಅಲ್ಲಿ ನಿಲ್ಲಿಸಿದ್ದರು. ಅಪ್ಪ ಬಸ್ ಸ್ಟ್ಯಾಂಡಿನ ಹತ್ತಿರ ಬಸ್ಸು, ಜೀಪುಗಳ ಸೀಟು ಹೊಲಿಯುತ್ತಿದ್ದರು. ಹಳೇ ಸೀಟಿನ ಫೋಮು, ಕೆಂಪು ರೆಕ್ಸಿನ್ ಸೇರಿಸಿ ನನ್ನ ಕಾಲಿಗೆ ಪ್ಯಾಡು ಹೊಲಿದುಕೊಟ್ಟರು. ಅದನ್ನು ಕಟ್ಟಿಕೊಂಡು ನಾನು ನಡೆಯುವುದನ್ನು ನೋಡಿ ಅತಿ ಹೆಚ್ಚು ನಗುತ್ತಿದ್ದವಳು ಸುಮಿತ್ರಾ. ಅವಳು ಕಮ್ಮರಡಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅಪ್ಪ ಅಮ್ಮ ಇಬ್ಬರಿಗೂ ತೋಟದ ಕೆಲಸ. ಚೆಂಡು ಅವಳ ಸ್ಟಿಕ್ಕಿಗೆ ಅಂಟಿಕೊಂಡಂತೆ ಹೋಗುತ್ತಿತ್ತು. ಅವಳ ಜೊತೆ ಮುಂದೆ ಆಡುತ್ತಿದ್ದವಳು ನಮ್ಮ ಕ್ಯಾಪ್ಟನ್ ನಾಗರತ್ನ. ನಾಗುವಿನ ಅಮ್ಮನದು ಪುಟ್ಟ ಹೋಟೆಲು. ಆಟ ಮುಗಿದ ಮೇಲೆ ಅವರು ಕೊಡುತ್ತಿದ್ದ ಒಗ್ಗರಣೆ ಅವಲಕ್ಕಿಯನ್ನು ಸುಮಿ, ನಾಗು ಒಂದೇ ತಟ್ಟೆಯಲ್ಲಿ ತಿನ್ನುತ್ತಿದ್ದರು.

ನಮ್ಮ ಸುತ್ತಮುತ್ತ ಹಾಕಿ ಆಡುತ್ತಿದ್ದದ್ದು ಎರಡೇ ತಂಡ: ನಾವು, ಮತ್ತೆ ಶೃಂಗೇರಿಯ ಹುಡುಗಿಯರು. ಮೂರು ಪಂದ್ಯದಲ್ಲಿ ಎರಡು ಗೆದ್ದವರು ಜಿಲ್ಲೆಗೆ. ಮೊದಲನೆಯದು ಕೊಪ್ಪದಲ್ಲಿ, ಮೂರು ಗೋಲಿನಿಂದ ಗೆದ್ದೆವು. ಮೂರನ್ನೂ ಹೊಡೆದವಳು ಸುಮಿ. ಎರಡನೆಯದನ್ನೂ ಗೆದ್ದುಬಿಟ್ಟೆವು ಎಂದೇ ಎಲ್ಲರೂ ಓಡಾಡುತ್ತಿದ್ದೆವು.

ಕೆಡಿಸಿದ್ದು ನಾನು.

ಪ್ಯಾಡು ಇಡಲು ಹೋದಾಗ ಪಕ್ಕದ ಕೋಣೆಯಲ್ಲಿ ಮಿಸ್ ಹೆಡ್‌ಮಾಸ್ಟರ ಹತ್ತಿರ ಮಾತಾಡುತ್ತಿದ್ದರು. "ಕ್ರೀಡಾ ಹಾಸ್ಟೆಲ್‌ನವರು ಒಬ್ಬಳನ್ನ ತಗೊಳ್ತಾರಂತೆ ಸಾರ್. ಒಂದೇ ಸೀಟು. ನನ್ನ ಕೇಳಿದ್ರೆ ಸುಮಿತ್ರಾ." ಕೇಳಿದ ಮಾತನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ವಯಸ್ಸಲ್ಲ ಅದು. ಮನೆ ದಾರಿಯಲ್ಲಿ ನಾಗುವಿಗೆ ಹೇಳಿಬಿಟ್ಟೆ. ಅವಳು "ಹೌದಾ" ಅಂದಳು, ಅಷ್ಟೇ.

ಶೃಂಗೇರಿಯ ಪಂದ್ಯದಲ್ಲಿ ನಾಗು ಸುಮಿಗೆ ಒಂದೇ ಒಂದು ಚೆಂಡು ಕೊಡಲಿಲ್ಲ. ಸುಮಿ ಬಲಗಡೆ ಖಾಲಿ ನಿಂತು "ನಾಗೂ, ನಾಗೂ" ಎಂದು ಕೂಗುತ್ತಿದ್ದಳು. ನಾಗು ಒಬ್ಬಳೇ ನುಗ್ಗಿ ಚೆಂಡು ಕಳೆದುಕೊಳ್ಳುತ್ತಿದ್ದಳು. ಕಳೆದ ಚೆಂಡೆಲ್ಲ ನನ್ನ ಕಡೆಗೇ ಬರುತ್ತಿತ್ತು. ನಾಲ್ಕು ಗೋಲು ಬಿಟ್ಟೆ, ಸೋತೆವು. ಕೊನೆಗೆ ಮೈದಾನದ ನಡುವೆಯೇ ಸುಮಿ ಕೇಳಿದಳು, "ಎಂತ ಆಯ್ತೆ ನಿಂಗೆ?"

"ನೀನೊಬ್ಳೇ ಆಡೋದಾ? ನಮಗೂ ಬರ್ತದೆ" ಅಂದಳು ನಾಗು.

ಆ ವಾರ ತಂಡ ಎರಡು ಹೋಳಾಯಿತು. ಬಸ್ಸಿನಲ್ಲಿ ಬರುವವರೆಲ್ಲ ಸುಮಿಯ ಕಡೆ, ಊರೊಳಗಿನವರು ನಾಗುವಿನ ಕಡೆ. ಸೋಮವಾರ ಅಭ್ಯಾಸಕ್ಕೆ ಒಂಬತ್ತು ಜನ, ಮಂಗಳವಾರ ಆರು. ಬುಧವಾರ ಮಿಸ್ ಸ್ಟಿಕ್ಕು ಕೆಳಗಿಟ್ಟು, "ಶನಿವಾರಕ್ಕೆ ಹನ್ನೊಂದು ಜನ ಆಗದಿದ್ರೆ ನಾವು ಬರೋದಿಲ್ಲ ಅಂತ ಬರೆದುಕೊಡ್ತೇನೆ" ಎಂದು ಹೋಗಿಬಿಟ್ಟರು. ಯಾಕೆ ಹೀಗಾಯಿತೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ನಾಗು ಮತ್ತು ನಾನು ಮಾತ್ರ. ಊಟ ಸೇರುತ್ತಿರಲಿಲ್ಲ. ಅಮ್ಮ ಜೀರಿಗೆ ಕಷಾಯ ಕೊಟ್ಟರು. ಅದರಿಂದ ಸರಿಹೋಗುವಂಥದ್ದಲ್ಲ ಅದು.

ಗುರುವಾರ ಬಸ್ ಸ್ಟ್ಯಾಂಡಿನಲ್ಲಿ, ಕಮ್ಮರಡಿ ಬಸ್ಸು ಹೊರಡುವ ಮುಂಚೆ ಸುಮಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ, ಹೊಡೆದರೂ ಹೊಡೆದಾಳು ಅಂದುಕೊಂಡಿದ್ದೆ. ಅವಳ ಮುಖ ಅರಳಿತು. "ಮಿಸ್ ನನ್ನ ಹೆಸರು ಹೇಳಿದ್ರಾ? ನಿಜ ಹೇಳೇ." ಆಮೇಲೆ ಬಸ್ಸಿನ ಮೆಟ್ಟಿಲ ಮೇಲೆ ನಿಂತವಳು ಥಟ್ಟನೆ ಇಳಿದಳು. "ಅದಕ್ಕೇನೆ ನಾಗು ಹಂಗಾಡಿದ್ದು? ನೀನು ಅವಳಿಗೆ ಎಂತಕ್ಕೆ ಹೇಳಿದ್ದು ಮಾರಾಯ್ತಿ!"

ಬಸ್ಸು ಹೋಯಿತು. ಸುಮಿ ನಾಗುವಿನ ಹೋಟೆಲಿನ ಕಡೆ ನಡೆದಳು. ನಾನು ರಸ್ತೆಯ ಈಚೆಗೇ ನಿಂತೆ. ಒಳಗೆ ಏನು ಮಾತಾಯಿತೋ ಕೇಳಿಸಲಿಲ್ಲ. ಮುಂದಿನ ಬಸ್ಸಿಗೆ ಸುಮಿಯನ್ನು ಹತ್ತಿಸಲು ಬಂದವಳು ನಾಗುವೇ. ಅವಳ ಕಣ್ಣು ಕೆಂಪಾಗಿತ್ತು. ನನ್ನನ್ನು ನೋಡಲಿಲ್ಲ.

ಶನಿವಾರ ಮೂರನೇ ಪಂದ್ಯಕ್ಕೆಂದು ನರಸಿಂಹರಾಜಪುರಕ್ಕೆ ಹೊರಟಾಗ ಸರಿಯಾಗಿ ಹನ್ನೊಂದು ಜನ. ಮುನಿಸಿಕೊಂಡ ಇಬ್ಬರು ಬರಲೇ ಇಲ್ಲ. ಮೈದಾನದ ಅಂಚಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು, ಹುಡುಗಿಯನ್ನು ಆರಿಸಲು ಬಂದ ಕ್ರೀಡಾ ಹಾಸ್ಟೆಲ್‌ನವರು ಕೂತಿದ್ದರು, ಕೈಯಲ್ಲಿ ಪುಸ್ತಕ.

ಮೊದಲರ್ಧ ಗೋಲಿಲ್ಲ. ಎರಡನೇ ಅರ್ಧ ಶುರುವಾದದ್ದೇ ಸುಮಿ ಇಬ್ಬರನ್ನು ದಾಟಿ ಚೆಂಡನ್ನು ನಾಗುವಿಗೆ ಕೊಟ್ಟಳು, ನಾಗು ಹೊಡೆದಳು. ಗೋಲ್! ಇಬ್ಬರೂ ತಬ್ಬಿಕೊಂಡದ್ದನ್ನು ದೂರದಿಂದ ನೋಡಿ ನಾನು ಒಬ್ಬಳೇ ಕುಣಿದೆ.

ಸ್ವಲ್ಪ ಹೊತ್ತಿಗೆ ನನ್ನ ಮುಂದೆ ಆಡುತ್ತಿದ್ದ ರೇಖಾಳ ಬೆರಳಿಗೆ ಸ್ಟಿಕ್ಕು ಬಡಿದು ಅವಳು ಹೊರಗೆ ಹೋದಳು. ಬದಲಿಗೆ ಯಾರೂ ಇಲ್ಲ. ಮಿಸ್ ಅವಳ ಬೆರಳು ಹಿಡಿದು ಕೂತಿದ್ದರು. ಶೃಂಗೇರಿಯವರು ಆ ಸಂದಿಯಲ್ಲೇ ಮತ್ತೆ ಮತ್ತೆ ನುಗ್ಗಿದರು. ಎರಡು ಸಲ ಚೆಂಡು ಕಂಬದ ಪಕ್ಕದಲ್ಲೇ ಹೋಯಿತು. ನನಗೆ ಜೀವವೇ ಹೋದ ಹಾಗಾಯಿತು. ಗಂಟಲು ಹರಿಯುವಂತೆ ಕೂಗಿದೆ, "ಸುಮೀ, ಹಿಂದೆ ಬಾ!"

ಅವಳು ಆಗ ಆಚೆ ಗೋಲಿನ ಹತ್ತಿರ ನಿಂತಿದ್ದಳು. ಒಂದು ಸಲ ಮರದ ಕೆಳಗಿನ ಕುರ್ಚಿಯ ಕಡೆ ನೋಡಿದಳು. ನಾನು ಅದನ್ನು ಕಂಡೆ. ಆಮೇಲೆ ನನ್ನ ಕಡೆ ಓಡಿ ಬಂದಳು.

ಕೊನೆಯವರೆಗೂ ಸುಮಿ ನನ್ನ ಕಂಬ ಬಿಟ್ಟು ಹೋಗಲಿಲ್ಲ. ಚೆಂಡನ್ನು ಸ್ಟಿಕ್ಕಿಗೆ ಸಿಕ್ಕರೆ ಸ್ಟಿಕ್ಕಿನಲ್ಲಿ, ಇಲ್ಲದಿದ್ದರೆ ಕಾಲಿನಲ್ಲಿ ತಡೆದಳು. ಒಂದು ಪೆನಾಲ್ಟಿ ಕಾರ್ನರ್‌ನ ಹೊಡೆತ ಅವಳ ಮೊಣಕಾಲ ಕೆಳಗೆ ಬಡಿದ ಸದ್ದು ನನಗೆ ಕೇಳಿಸಿತು. ಮತ್ತೊಂದು ಕಾರ್ನರ್ ಕೊಟ್ಟರು. ಅದನ್ನು ನಾನೇ ಪ್ಯಾಡಿನಿಂದ ಒದ್ದೆ. ಸೀಟಿ ಊದಿದರು. ಗೆದ್ದೆವು.

ಹಾಸ್ಟೆಲ್‌ನವರು ಪುಸ್ತಕದಲ್ಲಿ ಬರೆದುಕೊಂಡ ಹೆಸರು ನಾಗರತ್ನ. ಮಿಸ್ ಎಷ್ಟೋ ಹೊತ್ತು ಅವರ ಹತ್ತಿರ ಏನೋ ಹೇಳಿದರು. ಅವರು, "ಆ ಹುಡುಗಿ ಡಿಫೆನ್ಸ್ ಚೆನ್ನಾಗಿ ಆಡ್ತಾಳೆ. ನಮಗೆ ಬೇಕಾಗಿದ್ದು ಫಾರ್ವರ್ಡ್" ಎಂದು ಎದ್ದರು. ವಾಪಸು ಬರುವ ಬಸ್ಸಿನಲ್ಲಿ ಎಲ್ಲರೂ ಹಾಡುತ್ತಿದ್ದರು. ಸುಮಿ ಊದಿದ ಕಾಲನ್ನು ಎದುರು ಸೀಟಿನ ಮೇಲೆ ಚಾಚಿ, ಕಿಟಕಿಗೆ ತಲೆ ಕೊಟ್ಟು ಕಣ್ಣು ಮುಚ್ಚಿದ್ದಳು. ನಾಗು ಅವಳ ಪಕ್ಕದಲ್ಲಿ ಕೂತಿದ್ದಳು.

ಜಿಲ್ಲೆಯಲ್ಲಿ ಮೊದಲ ಪಂದ್ಯಕ್ಕೇ ಸೋತೆವು. ಮರುವರ್ಷ ಮಿಸ್‌ಗೆ ವರ್ಗವಾಯಿತು, ಹಾಕಿ ನಿಂತಿತು. ನಾಗು ಈಗ ಪೊಲೀಸ್ ಇಲಾಖೆಯಲ್ಲಿದ್ದಾಳೆ. ಸುಮಿ ಬಾಳೆಹೊನ್ನೂರಿನ ಕಡೆ ಎಸ್ಟೇಟೊಂದರಲ್ಲಿ ಆಳುಗಳ ಹಾಜರಿ ಬರೆಯುತ್ತಾಳೆ. ಹೋದ ವರ್ಷ ಸಿಕ್ಕಾಗ ಕೇಳಿಯೇಬಿಟ್ಟೆ, "ಅವತ್ತು ನಾನು ಕರೆಯದೇ ಇದ್ದಿದ್ರೆ?"

"ಕರೆದೆಯಲ್ಲ, ಬಂದೆ" ಅಂದಳು. "ಗೋಲ್ ಬಿಟ್ಟಿದ್ರೆ ನೀನು ಅಲ್ಲೇ ಅಳ್ತಾ ಕೂತಿರ್ತಿದ್ದೆ." ನಕ್ಕು, ನನ್ನ ಮಗಳ ಕ್ಲಾಸು ಯಾವುದೆಂದು ವಿಚಾರಿಸಿದಳು.

ಈಗ ನನ್ನ ಫೋನಿನಲ್ಲಿ ನೂರಾರು ಹೆಸರುಗಳಿವೆ. ಯಾರಿಗಾದರೂ ಏನಾದರೂ ಹೇಳುವ ಮುಂಚೆ ಅವರಿಗೆ ಬಿಡುವಿದೆಯೇ, ತೊಂದರೆಯಾದೀತೇ ಎಂದು ಎರಡು ಸಲ ಯೋಚಿಸುತ್ತೇನೆ; ಎಷ್ಟೋ ಸಲ ಹೇಳದೆಯೇ ಬಿಡುತ್ತೇನೆ. ಆ ಶನಿವಾರ ಯೋಚಿಸಿರಲಿಲ್ಲ. ಕೂಗಿದೆ, ಅವಳು ಬಂದಳು. ಅಂಥ ಕೂಗಿಗೆ ಓಡಿ ಬಂದವರು ಎಷ್ಟು ತೆರಬೇಕಾಗುತ್ತದೆಂದು ತಿಳಿದ ಮೇಲೆ ನನ್ನ ಬಾಯಿಂದ ಅದು ಮತ್ತೆ ಹೊರಟಿಲ್ಲ.