ಸಾಕ್ಷಿಯಿಲ್ಲದೆ ತೆಗೆದ ಬಾಗಿಲು

ಬೀಗ ರಿಪೇರಿಯವನಿಗೆ ಒಂದು ನಿಯಮವಿತ್ತು. ಬೀಗದ ಕೈ ಕಳೆದುಕೊಂಡು ಹೊರಗೆ ನಿಂತವರು ಎಷ್ಟೇ ಗೋಗರೆಯಲಿ, ಪಕ್ಕದ ಮನೆಯವರೊಬ್ಬರು ಬಂದು ಇದು ಇವರದೇ ಮನೆ ಎಂದು ಹೇಳುವವರೆಗೆ ಅವನು ತನ್ನ ಚೀಲಕ್ಕೆ ಕೈ ಹಾಕುತ್ತಿರಲಿಲ್ಲ. ಒಮ್ಮೆ ಬ್ಯಾಂಕಿನ ಮ್ಯಾನೇಜರೊಬ್ಬರು ರೇಗಿದ್ದರು.

"ಏನಯ್ಯ, ನನ್ನ ಮುಖ ನೋಡಿದ್ರೆ ಕಳ್ಳನ ಹಾಗೆ ಕಾಣುತ್ತಾ?"

"ಕಳ್ಳನ ಮುಖ ಹೇಗಿರುತ್ತೆ ಅಂತ ಗೊತ್ತಿದ್ದಿದ್ರೆ ನಾನು ಪೊಲೀಸ್ ಆಗ್ತಿದ್ದೆ ಸಾರ್. ಪಕ್ಕದವರನ್ನ ಕರೀರಿ."

ಅವನ ಅಂಗಡಿ ಒಂದು ಕಟ್ಟಡದ ಮೆಟ್ಟಿಲ ಕೆಳಗಿತ್ತು. ಒಳಗೆ ಅವನೊಬ್ಬ ಕೂರಬಹುದು, ಗಿರಾಕಿಗಳು ಬೀದಿಯಲ್ಲೇ ನಿಲ್ಲಬೇಕು. ದಿನವಿಡೀ ಕೀ ಕೊರೆಯುವ ಯಂತ್ರದ ಕಿರುಚಾಟ. ಸಂಜೆಯ ಹೊತ್ತಿಗೆ ಹುಬ್ಬಿನ ಮೇಲೆಲ್ಲ ಹಿತ್ತಾಳೆಯ ಪುಡಿ. ಮಾತು ಕಡಿಮೆ. ಕುಡಿತವಿಲ್ಲ, ಜೂಜಿಲ್ಲ, ಕೈ ಎತ್ತಿದವನಲ್ಲ. ಇಂಥವನ ಸಂಸಾರ ಯಾಕೆ ಮುರಿಯಿತೆಂದು ಬೀದಿಯವರು ತಲೆ ಕೆಡಿಸಿಕೊಂಡರು. ನನಗೆ ಅದು ಅಷ್ಟು ಕಷ್ಟದ ಒಗಟಾಗಿ ಕಾಣಲಿಲ್ಲ.

ಅವನ ಹೆಂಡತಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಮುನಿಸಿಕೊಂಡರೆ ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಅವನು ಹೊರಗಿನಿಂದ ತಂತಿ ತೂರಿಸಿ, ಸದ್ದಿಲ್ಲದೆ ಚಿಲಕ ಸರಿಸಿ, ಒಳಗೆ ಬಂದು "ಊಟಕ್ಕೆ ಬಾ" ಎನ್ನುತ್ತಿದ್ದ. ಅದನ್ನು ಅವನು ಪ್ರೀತಿಯೆಂದೇ ತಿಳಿದಿದ್ದ. ಅವಳಿಗೆ ಆ ಮನೆಯಲ್ಲಿ ಅಳುವುದಕ್ಕೂ ಒಂದು ಮೂಲೆ ಉಳಿಯಲಿಲ್ಲ. ಕೊನೆಗೆ ಮಗಳನ್ನು ಕರೆದುಕೊಂಡು ಹೊರಟು ಬಂದು ನನ್ನ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದಳು. ಮಗಳು ಆಗಿನ್ನೂ ಶಾಲೆಗೆ ಸೇರಿರಲಿಲ್ಲ. ತೆಳ್ಳಗೆ, ಸದಾ ಚಿಲಿಪಿಲಿ. ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು.

ಭಾನುವಾರ ಬೆಳಿಗ್ಗೆ ಅಪ್ಪ ಮಗುವನ್ನು ಕರೆದೊಯ್ದು ಸಂಜೆ ತಂದುಬಿಡಬೇಕೆಂದು ಕೋರ್ಟು ಹೇಳಿತ್ತು. ಅವನಿಗೆ ಅಷ್ಟು ಸಾಲದು. ಶನಿವಾರ ರಾತ್ರಿ ಮಗು ತನ್ನ ಮನೆಯಲ್ಲೇ ಮಲಗಬೇಕು, ತನ್ನ ಪಕ್ಕದಲ್ಲೇ ಏಳಬೇಕು ಎಂದು ಅರ್ಜಿ ಹಾಕಿಕೊಂಡಿದ್ದ. ಅದಕ್ಕಾಗಿ ಹೊಸ ಹಾಸಿಗೆಯನ್ನೂ ತಂದಿಟ್ಟಿದ್ದನಂತೆ. ಅದರ ವಿಚಾರಣೆಗೆ ಮುಂಚಿನ ಒಂದು ಭಾನುವಾರ ಈ ಘಟನೆ ನಡೆಯಿತು.

ಗುಬ್ಬಿಗೆ ಜ್ವರ. ಮನೆಯಲ್ಲಿ ಔಷಧಿ ಮುಗಿದಿತ್ತು. ಮಲಗಿದ್ದ ಮಗುವನ್ನು ಎಬ್ಬಿಸುವುದು ಬೇಡವೆಂದು ತಾಯಿ ಬಾಗಿಲೆಳೆದುಕೊಂಡು ಬೀದಿಯ ಕೊನೆಯ ಔಷಧಿ ಅಂಗಡಿಗೆ ಹೋದಳು. ಎಳೆದರೆ ತಾನೇ ಬೀಳುವ ಬೀಗ ಅದು. ಅಷ್ಟರಲ್ಲಿ ಇವನು ಬಂದ. ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದ ನನಗೆ ಕೈ ಮುಗಿದು ಮೇಲೆ ಹತ್ತಿದ. ಒಳಗಿನಿಂದ ಮಗು ಅಳುವುದು ನನಗೂ ಕೇಳಿಸಿತು. ನಾನು ಕನ್ನಡಕ ತೆಗೆದಿಟ್ಟು ಏಳುವಷ್ಟರಲ್ಲಿ ಅಳು ನಿಂತಿತ್ತು.

ಔಷಧಿ ಹಿಡಿದು ತಿರುಗಿ ಬಂದ ತಾಯಿಯ ಹಿಂದೆಯೇ ನಾನೂ ಮೇಲೆ ಹೋದೆ. ಬಾಗಿಲು ತೆರೆದಿತ್ತು. ಅವನು ಮಂಚದ ಮೇಲೆ ಮಗುವನ್ನು ತೊಡೆಯಲ್ಲಿಟ್ಟುಕೊಂಡು ಹಣೆಗೆ ಒದ್ದೆ ಬಟ್ಟೆ ಒತ್ತುತ್ತಿದ್ದ.

"ಒಳಗೆ ಹೇಗೆ ಬಂದ್ರಿ?" ಎಂದಳು.

"ಮಗು ಅಳ್ತಿತ್ತು."

"ನಾನು ಕೇಳಿದ್ದು ಅದಲ್ಲ."

"ಈ ಬೀಗ ಹೆಸರಿಗೆ ಮಾತ್ರ ಕಣೆ. ಹೇರ್‌ಪಿನ್ ಸಾಕು. ನಾಳೆ ಒಳ್ಳೇದೊಂದು ತಂದು ಹಾಕ್ತೀನಿ ಬಿಡು."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅವಳು ಔಷಧಿಯ ಪೊಟ್ಟಣ ಹಿಡಿದುಕೊಂಡೇ ನೆಲದ ಮೇಲೆ ಕುಳಿತುಬಿಟ್ಟಳು. ಅಂದಿನಿಂದ ಮಲಗುವ ಮುಂಚೆ ಮೇಜನ್ನು ಬಾಗಿಲಿಗೆ ಅಡ್ಡ ಎಳೆಯುವ ಸದ್ದು ನನಗೆ ಕೆಳಗೆ ಕೇಳಿಸತೊಡಗಿತು.

ವಕೀಲರಿಬ್ಬರಿಗೂ ಹಬ್ಬ. ಜ್ವರದ ಮಗುವನ್ನು ಒಂಟಿಯಾಗಿ ಬಿಟ್ಟುಹೋದ ತಾಯಿ ಎಂದು ಇವನ ಕಡೆಯವರು. ಬೀಗ ಮುರಿದು ನುಗ್ಗಿದ ಗಂಡ ಎಂದು ಅವಳ ಕಡೆಯವರು. ನಾನು ಬಂದು ಹೇಳಬೇಕೆಂದು ಇಬ್ಬರೂ ಕೇಳಿದರು. ಬರುತ್ತೇನೆ, ಆದರೆ ನಿಮ್ಮಿಬ್ಬರಿಗೂ ಸಂತೋಷವಾಗಲಾರದು ಎಂದೆ.

ವಿಚಾರಣೆಯ ಹಿಂದಿನ ಸಂಜೆ ಅವನು ಜಗಲಿಗೆ ಬಂದು ನಿಂತ.

"ಮೇಡಂ, ನಾಳೆ ಏನು ಹೇಳ್ತೀರಿ?"

"ನೋಡಿದ್ದು."

"ನಾನು ಗೆಲ್ತೀನಂತೆ. ವಕೀಲರು ಹೇಳಿದ್ರು. ಮಗು ಪೂರ್ತಿ ನನ್ನ ಹತ್ರಾನೇ ಬಂದ್ರೂ ಬರಬಹುದಂತೆ."

"ಇರಬಹುದು. ಅವತ್ತು ನಾನು ಇಲ್ಲೇ ಕೂತಿದ್ದೆ. ಊರಿಗೆಲ್ಲ ಪಕ್ಕದವರನ್ನ ಕರೀರಿ ಅನ್ನೋನು, ನನ್ನ ಯಾಕಪ್ಪ ಕರೀಲಿಲ್ಲ?"

"ನೆನಪೇ ಬರಲಿಲ್ಲ ಮೇಡಂ. ನಮ್ಮನೇ ಅಲ್ವಾ ಅಂತ..." ಎಂದು ಅರ್ಧಕ್ಕೇ ನಿಲ್ಲಿಸಿದ.

"ಬಾಡಿಗೆ ಕರಾರು ಅವಳ ಹೆಸರಲ್ಲಿದೆ," ಎಂದೆ.

ಕೋರ್ಟಿನ ಆಪ್ತ ಸಮಾಲೋಚಕರಿಗೆ ಅಂದು ನೆಗಡಿ. ಮೂಗು ಒರೆಸಿಕೊಳ್ಳುತ್ತಲೇ ಎಲ್ಲರನ್ನೂ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂರಿಸಿ, ಮೊದಲು ಇವನನ್ನು ಕೇಳಿದರು. ವಕೀಲರು ಮೊಣಕೈಯಿಂದ ತಿವಿದರು.

"ಮಗೂಗೆ ಜ್ವರ ಇತ್ತು," ಎಂದ. "ಇವಳು ಔಷಧಿ ತರೋಕೆ ಹೋಗಿದ್ಲು. ಮಲಗಿರೋ ಮಗೂನ ಯಾರು ಎಬ್ಬಿಸ್ತಾರೆ? ನಾನಿದ್ರೂ ಹಾಗೇ ಹೋಗ್ತಿದ್ದೆ."

ವಕೀಲರು ಸೂರು ನೋಡಿದರು.

"ಬೀಗ ತೆಗೆದದ್ದು ತಪ್ಪು. ಕೆಳಗೆ ಮೇಡಂ ಇದ್ರು, ಕೇಳಬೇಕಿತ್ತು. ಬೇರೆಯವರ ಮನೆ ಆಗಿದ್ರೆ ಕೇಳ್ತಿದ್ದೆ."

ನನಗೆ ಹೇಳಲು ಹೆಚ್ಚೇನೂ ಉಳಿದಿರಲಿಲ್ಲ. ಸಮಾಲೋಚಕರು ತಾಯಿಯ ಕಡೆ ತಿರುಗಿದರು. "ತಪ್ಪು ಅಂತ ಒಪ್ಕೊಂಡಿದ್ದಾರಲ್ಲಮ್ಮ. ಇನ್ನೇನು?"

"ಆ ಒಂದು ಬಾಗಿಲಿನ ಮಾತಲ್ಲ ಸಾರ್," ಎಂದಳು ಅವಳು. "ಮದುವೆ ಆದಾಗಿನಿಂದ ಇವರು ಒಂದು ಬಾಗಿಲನ್ನೂ ತಟ್ಟಿಲ್ಲ. ತಟ್ಟಿದ್ರೆ ಒಂದೊಂದು ಸಲ ನಾನೇ ತೆಗೀತಿದ್ದೆ."

ಅವನ ಮೌನವನ್ನು ನಾನು ಬಲ್ಲೆ. ಅದರೊಳಗೆ ಸದಾ ಒಂದು ರಿಪೇರಿಯ ಯೋಚನೆ ಇರುತ್ತಿತ್ತು. ಅಂದು ಇರಲಿಲ್ಲ.

ಶನಿವಾರದ ರಾತ್ರಿ ಸದ್ಯಕ್ಕಿಲ್ಲ, ಮುಂದೆ ನೋಡೋಣ ಎಂದಾಯಿತು. ಭಾನುವಾರ ಉಳಿಯಿತು. ಆದರೆ ಅವನು ಮೆಟ್ಟಿಲು ಹತ್ತಬಾರದು, ಮಗುವನ್ನು ನನ್ನ ಜಗಲಿಯಲ್ಲೇ ಒಪ್ಪಿಸಿಕೊಳ್ಳಬೇಕು. ಒಪ್ಪಿದ. ಹೊರಗೆ ಬಂದಮೇಲೆ ವಕೀಲರು, "ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ನೀನೇ ಮಾಡ್ಕೊಂಡ್ಯಲ್ಲಯ್ಯ, ಇನ್ನು ನಾನ್ಯಾಕೆ ನಿನಗೆ?" ಎಂದು ಸಿಡುಕಿದರು. ಅವನು ಅವರ ಬೈಕಿಗೆ ದಾರಿ ಬಿಟ್ಟು ನಿಂತ.

ಆ ವಾರದಲ್ಲೇ ಅವಳು ಬೇರೊಂದು ಅಂಗಡಿಯಿಂದ ಹೊಸ ಬೀಗ ತಂದು ಹಾಕಿಸಿದಳು. ಭಾನುವಾರ ಮಗುವನ್ನು ಕೆಳಗೆ ಕಳಿಸಿ ತಾನು ಮೆಟ್ಟಿಲ ತಿರುವಿನಲ್ಲಿ ನಿಂತಳು. ಗುಬ್ಬಿ ಓಡಿಬಂದು ಅಪ್ಪನ ಕಾಲು ತಬ್ಬಿಕೊಂಡಿತು.

"ಅಪ್ಪ, ನಮ್ಮನೆಗೆ ಹೊಸ ಬೀಗ ಬಂದಿದೆ. ಇಷ್ಟು ದೊಡ್ಡದು. ನಿಂಗೂ ತೆಗೆಯೋಕಾಗಲ್ವಂತೆ. ಅಮ್ಮ ಹೇಳಿದ್ಲು. ಹೌದಾ?"

ಅವನು ತಲೆ ಎತ್ತಿ, ಹೆಂಡತಿಯ ಕೈಲಿದ್ದ ಬೀಗದ ಕೈಯನ್ನು ಒಮ್ಮೆ ನೋಡಿದ. ಅದೇ ಜಾತಿಯ ಬೀಗ ನನ್ನ ಮುಂಬಾಗಿಲಿಗೂ ಇದೆ. ಹಿಂದೊಮ್ಮೆ ನಾನು ಹೊರಗೆ ಸಿಕ್ಕಿಕೊಂಡಾಗ, ಪಕ್ಕದ ಮನೆಯಾಕೆ ಸಾಕ್ಷಿ ಹೇಳಿ ತಿರುಗಿ ಹೋಗುವಷ್ಟರಲ್ಲಿ ಅವನು ಅದನ್ನು ತೆಗೆದುಕೊಟ್ಟಿದ್ದ.

"ಹೌದು ಗುಬ್ಬಿ," ಎಂದ. "ಅದು ನನ್ನ ಕೈಲಿ ಆಗಲ್ಲ."

"ಟ್ರೈ ಮಾಡಿದ್ರೂ?"

"ಟ್ರೈ ಮಾಡಿದ್ರೂ."

ಇಷ್ಟು ವರ್ಷ ಬೀಗದವನ ಜೊತೆ ಬಾಳಿದವಳಿಗೆ ಅದು ಸುಳ್ಳೆಂದು ತಿಳಿಯಲಿಲ್ಲ ಎಂದರೆ ನಾನು ನಂಬಲಾರೆ. ಅವಳು ಮಗುವಿನ ಸ್ವೆಟರ್ ಮರೆತೆನೆಂದು ಮೇಲೆ ಹೋದಳು. ತರಲು ಸಾಕಷ್ಟು ತಡಮಾಡಿದಳು. ಅವನು ಮಗುವನ್ನೆತ್ತಿಕೊಂಡು ಕೆಳಗೇ ಕಾಯುತ್ತ ನಿಂತಿದ್ದ.